ನೀರು ನಿಂತಿದ್ದು ಎರಡು ದಿನ, ಗೋಡೆ ಒಣಗಿದ್ದು ಒಂಬತ್ತು ತಿಂಗಳಿಗೆ

ಶಿವಮೊಗ್ಗದವರಿಗೆ ತುಂಗೆಯ ಮಟ್ಟ ತಿಳಿಯಲು ಅಳತೆಗೋಲು ಬೇಡ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗಿರುವ ಮಂಟಪ ಎಷ್ಟು ಕಾಣುತ್ತಿದೆ ಅಂತ ನೋಡಿ ಬಂದರೆ ಸಾಕು. ಮಂಟಪ ಮುಳುಗಿತು ಅಂದರೆ ಈ ಸಲ ಮಳೆಗಾಲ ಚೆನ್ನಾಗಿ ಹಿಡಿದಿದೆ ಅಂತ ಖುಷಿಪಟ್ಟು, ಸೇತುವೆ ಮೇಲೆ ನಿಂತು ಫೋಟೊ ತೆಗೆಯುವ ಊರು ಇದು. 2019ರ ಆಗಸ್ಟ್ ಎರಡನೇ ವಾರ ಆ ಖುಷಿ ಅರ್ಧ ದಿನವೂ ಉಳಿಯಲಿಲ್ಲ. ಘಟ್ಟದಲ್ಲಿ ಮಳೆ ಬಿಡಲೇ ಇಲ್ಲ. ಗಾಜನೂರಿನ ತುಂಗಾ ಅಣೆಕಟ್ಟೆ ಚಿಕ್ಕದು, ಹಿಡಿಯುವುದು ಮೂರು ಟಿಎಂಸಿ ಚಿಲ್ಲರೆ. ಒಮ್ಮೆ ತುಂಬಿತು ಅಂದರೆ ಮೇಲಿಂದ ಬಂದಷ್ಟನ್ನೂ ಕೆಳಗೆ ಬಿಡಲೇಬೇಕು.

ಹೊಳೆದಂಡೆಯ ಒಂದು ಬಡಾವಣೆಯ ಒಂದೇ ಒಂದು ಮನೆಯ ಕತೆ ಇದು. ಎಂಟನೇ ಕ್ಲಾಸಿನಲ್ಲಿ ನನಗೆ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರ ಮನೆ. "ಹೆಸರು ಹಾಕಬೇಡ, ಉಳಿದದ್ದೆಲ್ಲ ಬರಿ" ಎಂದಿದ್ದಾರೆ. ನಾನು ಇಪ್ಪತ್ತು ವರ್ಷದಿಂದ ಊರಿನಲ್ಲಿ ಸಣ್ಣಪುಟ್ಟ ಮನೆ ಕಟ್ಟಿಸಿಕೊಡುವವನು. ಮನೆ ಕಟ್ಟುವುದು ಗೊತ್ತಿತ್ತು; ನೆನೆದ ಮನೆ ಒಣಗಿಸುವುದು ಗೊತ್ತಿಲ್ಲ ಅನ್ನುವುದು ಇಲ್ಲಿ ಗೊತ್ತಾಯಿತು. ದೊಡ್ಡ ತಪ್ಪು ಮಾಡಿದ್ದೂ ನಾನೇ. ಅದನ್ನೂ ಬಿಡದೆ ಬರೆದಿದ್ದೇನೆ.

ಒಂದು ಮನೆ, ಎರಡು ಜಾತಿ ಗೋಡೆ

ಹಿಂಭಾಗ ಮೇಷ್ಟ್ರ ತಂದೆ ಕಟ್ಟಿಸಿದ್ದು. ಹೆಂಚಿನ ಮಾಡು, ಸುಟ್ಟ ಇಟ್ಟಿಗೆಯ ದಪ್ಪ ಗೋಡೆ, ಒಳಗೂ ಹೊರಗೂ ಸುಣ್ಣದ ಗಾರೆ. ಅಲ್ಲಿ ಹಳೇ ಅಡುಗೆಮನೆ, ಉಗ್ರಾಣ, ಹಂಡೆ ಒಲೆಯಿರುವ ಬಚ್ಚಲು. ಬಚ್ಚಲಿಗೆ ತಾಗಿಕೊಂಡು ಸೌದೆ ಒಟ್ಟುವ ಕೊಟ್ಟಿಗೆ, ಅದರದ್ದು ಬರೀ ಮಣ್ಣಿನ ಗೋಡೆ. ಮುಂಭಾಗ ತೊಂಬತ್ತರ ದಶಕದ್ದು: ಆರ್‌ಸಿಸಿ ಮಾಡು, ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಸಿಮೆಂಟ್ ಪ್ಲಾಸ್ಟರ್. ಒಂದು ಹಾಲ್, ಎರಡು ರೂಮು. ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಹಾಲ್ ಗೋಡೆಗೆ ನಾಲ್ಕಡಿ ಎತ್ತರಕ್ಕೆ ಟೈಲ್ಸ್ ಹಾಕಿಸಿದ್ದ, ಅದರ ಮೇಲೆ ಹೊಳೆಯುವ ಎಮಲ್ಷನ್ ಬಣ್ಣ. ಹೊರಗಡೆಗೆ ಮಳೆನೀರು ಒಳಗಿಳಿಯದ ಪೇಂಟು. ನೋಡೋಕೆ ಮುಂಭಾಗ ಚಂದ, ಹಿಂಭಾಗ ಸಾಧಾರಣ.

ನೀರು ಬಾಗಿಲಿಂದ ಬಂದೀತು ಅಂತ ಮೇಷ್ಟ್ರು ಹೊಸ್ತಿಲಿಗೆ ಮರಳಿನ ಚೀಲ ಇಟ್ಟು ಕಾಯುತ್ತಿದ್ದರು. ಅದು ಬಂದದ್ದು ಹಿಂದಿನಿಂದ, ಬಚ್ಚಲ ಮೋರಿಯಿಂದ ಗುಳುಗುಳು ಅಂತ ಉಕ್ಕಿ. ಹೊಳೆ ಏರಿದರೆ ಚರಂಡಿ ನೀರು ಹೋಗೋಕೆ ಜಾಗ ಸಿಗದೆ ವಾಪಸ್ ತಿರುಗುತ್ತೆ. ತಗ್ಗಿನ ಮನೆಯ ಬಚ್ಚಲೇ ಅದಕ್ಕೆ ಬಾಯಿ. ಹಾಗಾಗಿ ಬಂದದ್ದು ಬರೀ ಹೊಳೆನೀರಲ್ಲ, ಊರಿನ ಕೊಚ್ಚೆಯೂ ಸೇರಿದ್ದು. ಅಮ್ಮ, ಅಂದರೆ ಮೇಷ್ಟ್ರ ಹೆಂಡತಿ, ದೇವರ ಪೆಟ್ಟಿಗೆಯನ್ನೂ ಅಕ್ಕಿ ಡಬ್ಬವನ್ನೂ ಅಟ್ಟಕ್ಕೆ ಏರಿಸುವಷ್ಟರಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ರಾತ್ರಿಯ ಹೊತ್ತಿಗೆ ಹಾಲ್‌ನಲ್ಲಿ ಮೂರಡಿ. ಇಬ್ಬರೂ ನಮ್ಮ ಮನೆಗೆ ಬಂದರು. ಎರಡು ದಿನ ನಿಂತು ನೀರು ಇಳಿಯಿತು.

ಮೊದಲ ವಾರ

ಒಳಗೆ ಕಾಲಿಡುವ ಮೊದಲು ಎರಡು ಕೆಲಸ ಮಾಡಿದೆವು. ಮೀಟರ್ ಹತ್ತಿರ ಮೇನ್ ಆಫ್ ಆಗಿದೆ ಅಂತ ಖಾತ್ರಿ ಮಾಡಿಕೊಂಡೆವು. ಆಮೇಲೆ ಮೇಷ್ಟ್ರು ನೀರಿನ ಗುರುತಿಗೆ ಟೇಪ್ ಹಿಡಿದು ನಿಂತರು, ನಾನು ಒಂದೊಂದು ಗೋಡೆಯ ಫೋಟೊ ತೆಗೆದೆ. ಮನೆಗೆ ನೀರು ನುಗ್ಗಿದ ಕುಟುಂಬಕ್ಕೆ ಸರ್ಕಾರ ಆಗ 10,000 ರೂಪಾಯಿ ತಕ್ಷಣದ ಪರಿಹಾರ ಅಂತ ಘೋಷಿಸಿತ್ತು. ಪರಿಶೀಲನೆಗೆ ಬಂದವರು ನೋಡಿದ್ದು ಆ ಫೋಟೊಗಳನ್ನೇ, ಅಷ್ಟರಲ್ಲಿ ಮನೆ ತೊಳೆದಾಗಿತ್ತಲ್ಲ.

ನೆಲದ ಮೇಲೆ ನಾಲ್ಕು ಬೆರಳು ದಪ್ಪ ಗೋಡು. ಹೊಳೆ ತಂದ ಗೋಡನ್ನು ಹಸಿಯಿದ್ದಾಗಲೇ ಎಳೆದು ಹಾಕಬೇಕು. ಎರಡು ದಿನ ಬಿಟ್ಟರೆ ಹೆಂಟೆಯಾಗುತ್ತೆ, ಆಮೇಲೆ ಕೆರೆದು ತೆಗೆಯುವಾಗ ನೆಲದ ರೆಡ್ ಆಕ್ಸೈಡ್ ಕೂಡ ಎದ್ದು ಬರುತ್ತೆ. ಆಳುಗಳಿಗೆ ಗಮ್‌ಬೂಟು, ಕೈಗೆ ಗ್ಲೌಸು. ಅಮ್ಮ ಬರಿಗಾಲಲ್ಲಿ ಇಳಿಯೋಕೆ ಹೊರಟಿದ್ದರು. ಅವರ ಹಿಮ್ಮಡಿ ಒಡೆದಿದ್ದು ನೋಡಿ ನಾನು ಜೋರು ಮಾಡಬೇಕಾಯಿತು. ಇಂಥ ನೀರಲ್ಲಿ ಇಲಿಯ ಉಚ್ಚೆ ಸೇರಿರುತ್ತೆ, ಒಡೆದ ಚರ್ಮದಿಂದಲೇ ಇಲಿ ಜ್ವರ ಒಳಗೆ ಹೋಗುತ್ತೆ. ಅಷ್ಟು ದಿನ ನೀರಿನಲ್ಲಿ ಓಡಾಡಿದವರಿಗೆಲ್ಲ ಡಾಕ್ಟರು ಮಾತ್ರೆ ಬರೆದುಕೊಟ್ಟರು.

ಅಡುಗೆಮನೆಯ ಹೊಸ ಕಪಾಟುಗಳು ಮರದ ಹೊಟ್ಟು ಒತ್ತಿ ಮಾಡಿದ ಹಲಗೆಯವು. ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿ ಕೈಯಲ್ಲೇ ಮುರಿದು ಬಂದವು. ಹತ್ತಿ ಹಾಸಿಗೆ ನಾಲ್ಕೂ ಹೊರಗೆ. "ಬಿಸಿಲು ಬಂದಾಗ ಒಣಗಿಸಿದರಾಯಿತು" ಅಂದರು ಅಮ್ಮ. ಆ ಬಿಸಿಲು ಬರುವ ಹೊತ್ತಿಗೆ ಹಾಸಿಗೆಯೊಳಗೆ ಏನೇನು ಬೆಳೆದಿರುತ್ತಿತ್ತೋ. ಬೂಷ್ಟು ಹಿಡಿಯೋಕೆ ಎರಡು ದಿನ ಸಾಕು. ನೆಲಕ್ಕೆ ಬ್ಲೀಚಿಂಗ್ ನೀರು ಹಾಕುವಾಗ ಒಬ್ಬ ಹುಡುಗ ಅದಕ್ಕೆ ಕಕ್ಕಸು ತೊಳೆಯುವ ಆಸಿಡ್ ಬೆರೆಸೋಕೆ ಹೋಗಿದ್ದ. ಸದ್ಯ ಮೇಷ್ಟ್ರ ಕಣ್ಣಿಗೆ ಬಿದ್ದ. "ಕ್ಲೋರಿನ್ ಗ್ಯಾಸ್ ಮಾಡ್ತೀಯೇನೋ?" ಅಂತ ಬಕೆಟ್ ಕಿತ್ತುಕೊಂಡರು. ಮೂವತ್ತು ವರ್ಷ ಲ್ಯಾಬಿನಲ್ಲಿ ಹುಡುಗರನ್ನು ಕಾದಿದ್ದಾರೆ.

ಪ್ಲಗ್ ಪಾಯಿಂಟ್ ನೆಲದಿಂದ ಒಂದಡಿಗೆ ಇತ್ತು. ಎಲೆಕ್ಟ್ರಿಷಿಯನ್ ಸ್ಕ್ರೂ ಬಿಚ್ಚಿ ಪ್ಲೇಟ್ ಎಳೆದರೆ ಒಳಗಿನ ಡಬ್ಬಿ ತುಂಬ ಕೆಂಪು ಕೆಸರು, ಕೇಕಿನ ಅಚ್ಚಿನ ಹಾಗೆ ಚೌಕವಾಗಿ ಕೂತಿತ್ತು. ಗೋಡೆಯೊಳಗಿನ ಪೈಪಿನಿಂದ ಅರ್ಧ ಚೊಂಬು ನೀರು ಸುರಿಯಿತು. ಮೇಲಿನ ಸ್ವಿಚ್‌ಬೋರ್ಡುಗಳು ಒಣಗಿದ್ದವು, ಲೈಟು ಹಾಕಿದ್ದರೆ ಹತ್ತುತ್ತಿತ್ತೇನೋ. ಆದರೂ ಅವನು ಮೆಗ್ಗರ್ (ವೈರಿನಿಂದ ಕರೆಂಟು ಸೋರುತ್ತಿದೆಯಾ ಅಂತ ಅಳೆಯುವ ಉಪಕರಣ) ಇಟ್ಟು ಅಳೆಯದೆ ಒಂದು ಸರ್ಕ್ಯೂಟನ್ನೂ ಆನ್ ಮಾಡಲಿಲ್ಲ, ಕೆಳಗಿನ ವೈರ್ ಅಷ್ಟನ್ನೂ ಎಳೆದು ಹೊಸದು ಹಾಕಿದ. ಫ್ರಿಜ್ಜು, ಬಾವಿಯ ಮೋಟಾರು ಎರಡನ್ನೂ ಆನ್ ಮಾಡಿ ನೋಡದೆ ನೇರ ರಿಪೇರಿಗೆ ಕಳಿಸಿದೆವು. ಬಾವಿಯನ್ನು ಕಡೆಗೆ ಬಿಟ್ಟೆವು. ಸುತ್ತಲಿನ ನೆಲ ನೀರು ಕುಡಿದು ಉಬ್ಬಿರುವಾಗ ಬಾವಿ ಬರಿದು ಮಾಡಿದರೆ ರಿಂಗು ಕುಸಿಯಬಹುದು. ಮೂರು ವಾರ ಬಿಟ್ಟು ತೋಡಿಸಿ, ಬ್ಲೀಚಿಂಗ್ ಹಾಕಿಸಿದ್ದಾಯಿತು. ಮಾಮೂಲು ದಿನದಲ್ಲಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿ ಸಾಕು. ಪ್ರವಾಹದ ನಂತರ ಅದರ ದುಪ್ಪಟ್ಟಿಗೂ ಹೆಚ್ಚು ಹಾಕಿದರು.

ನೀರಿಳಿದ ಮೂರನೇ ದಿನ ಕೊಟ್ಟಿಗೆಯ ಮಣ್ಣಿನ ಗೋಡೆ ಕೂತುಬಿಟ್ಟಿತು. ನೀರು ನಿಂತಿದ್ದಾಗ ಬೀಳದ್ದು ನೀರು ಹೋದ ಮೇಲೆ ಬಿತ್ತು. ಎರಡೂ ಕಡೆಯಿಂದ ನೀರು ಒತ್ತಿ ಹಿಡಿದಿರುತ್ತೆ, ಅದು ಸರಿದಾಗ ಮೆತ್ತಗಾದ ಬುಡಕ್ಕೆ ಮೇಲಿನ ಭಾರ ತಡೆಯದು. ಅಮ್ಮ ಅಲ್ಲಿಂದ ಸೌದೆ ತಂದು ಹತ್ತು ನಿಮಿಷ ಆಗಿತ್ತು ಅಷ್ಟೆ.

ಗ್ಯಾಸ್ ಒಲೆಯ ಉಪಾಯ

ಆಗಸ್ಟ್ ಕೊನೆಗೆ ಮನೆ ನೋಡೋಕೆ ಚೊಕ್ಕಟವಾಯಿತು. ಗೋಡೆ ಮುಟ್ಟಿದರೆ ಮಾತ್ರ ಅಂಗೈ ತಣ್ಣಗಾಗುತ್ತಿತ್ತು. ಕಿಟಕಿ ಬಾಗಿಲೆಲ್ಲ ತೆಗೆದಿಡಿ, ಗಾಳಿಯಾಡಲಿ ಅಂತ ಬಂದವರೆಲ್ಲ ಹೇಳಿದರು. ಬಯಲುಸೀಮೆಯಲ್ಲಾದರೆ ಸರಿ. ನಮ್ಮಲ್ಲಿ ಆಗಸ್ಟ್‌ನಲ್ಲಿ ಹೊರಗೆ ಹಾಕಿದ ಬಟ್ಟೆ ನಾಲ್ಕು ದಿನವಾದರೂ ಒಣಗಲ್ಲ, ಉಪ್ಪಿನ ಭರಣಿಯಲ್ಲಿ ಉಪ್ಪು ನೀರೊಡೆಯುತ್ತೆ. ಆ ಗಾಳಿ ಗೋಡೆ ಒಣಗಿಸುತ್ತಾ? ಅದೇ ಕಂಠಮಟ್ಟ ನೀರು ಕುಡಿದು ನಿಂತಿರುತ್ತೆ.

ಪಕ್ಕದ ಮನೆಯವರು ಬೇರೆ ಉಪಾಯ ಮಾಡಿದರು. ರೂಮಿನ ಬಾಗಿಲು ಹಾಕಿ ನಡುವೆ ಗ್ಯಾಸ್ ಒಲೆ ಹಚ್ಚಿಟ್ಟರು. ಒಂದು ಗಂಟೆ ಬಿಟ್ಟು ತೆಗೆದು ನೋಡಿದರೆ ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತಿದೆ. "ಗೋಡೆ ನೀರು ಬಿಡ್ತಾ ಇದೆ ನೋಡಿ" ಅಂತ ಸಂಭ್ರಮದಿಂದ ನಮ್ಮನ್ನೂ ಕರೆದರು. ಮೇಷ್ಟ್ರು ನಕ್ಕರು. ಅಡುಗೆ ಅನಿಲ ಒಂದು ಕಿಲೋ ಉರಿದರೆ ಸುಮಾರು ಒಂದೂವರೆ ಕಿಲೋ ನೀರಾವಿ ಹುಟ್ಟುತ್ತೆ. 14.2 ಕಿಲೋದ ಸಿಲಿಂಡರ್ ಪೂರ್ತಿ ಉರಿಸಿದರೆ ಇಪ್ಪತ್ತು ಲೀಟರಿಗೂ ಮಿಕ್ಕಿ ನೀರನ್ನು ರೂಮಿಗೆ ಸುರಿದಂತೆ. ಗಾಜಿನ ಮೇಲಿನ ನೀರಿನಲ್ಲಿ ಒಲೆಯದೇ ಪಾಲು ಬಹಳವಿತ್ತು. ಬಾಗಿಲು ಹಾಕಿದ ರೂಮಿನಲ್ಲಿ ಕೆಂಡದ ಬಾಣಲೆ ಇಡುವುದು ಇದಕ್ಕಿಂತ ಕೆಟ್ಟದ್ದು. ಇದ್ದಿಲ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷವಿರುತ್ತೆ, ಮಲಗಿದವರು ಏಳೋದಿಲ್ಲ.

ಅದೇ ಹೊತ್ತಿಗೆ ಹಿಂಭಾಗದಲ್ಲಿ, ಯಾರೂ ತಲೆ ಕೆಡಿಸಿಕೊಳ್ಳದ ಕಡೆ, ಒಂದು ಗೋಡೆ ಒಣಗುತ್ತಾ ಬಂದಿತ್ತು: ಬಚ್ಚಲ ಹಂಡೆ ಒಲೆಯ ಹಿಂದಿನದು. ಅಲ್ಲಿ ದಿನಾ ಸೌದೆ ಉರಿಯುತ್ತೆ. ಹೊಗೆಯೂ ಆವಿಯೂ ಹೊಗೆಗೂಡಿನಲ್ಲಿ ಹೊರಗೆ ಹೋಗುತ್ತೆ, ಕಾವು ಮಾತ್ರ ಗೋಡೆಗೆ ಉಳಿಯುತ್ತೆ. ಮೇಷ್ಟ್ರು ಅವತ್ತು ನನಗೆ ಎಂಟನೇ ಕ್ಲಾಸಿನ ಪಾಠ ಇನ್ನೊಮ್ಮೆ ಮಾಡಿದರು. 24 ಡಿಗ್ರಿಯ ಗಾಳಿ ಒಂದು ಘನ ಮೀಟರಿನಲ್ಲಿ ಹೆಚ್ಚೆಂದರೆ 22 ಗ್ರಾಂ ನೀರಾವಿ ಹಿಡಿಯುತ್ತೆ. ಅದನ್ನೇ 30 ಡಿಗ್ರಿಗೆ ಕಾಯಿಸಿದರೆ 30 ಗ್ರಾಂ. ಅಂದರೆ ನೂರಕ್ಕೆ ತೊಂಬತ್ತು ತೇವ ತುಂಬಿದ ಹೊರಗಿನ ಗಾಳಿಯನ್ನು ಆರು ಡಿಗ್ರಿ ಬೆಚ್ಚಗೆ ಮಾಡಿದರೆ ಅದರ ತೇವ ನೂರಕ್ಕೆ ಅರವತ್ತೈದರ ಹತ್ತಿರಕ್ಕೆ ಇಳಿಯುತ್ತೆ, ಮತ್ತೆ ನೀರು ಕುಡಿಯೋಕೆ ಹೊಟ್ಟೆಯಲ್ಲಿ ಜಾಗವಾಗುತ್ತೆ. ಬೆಚ್ಚಗೆ ಮಾಡಬೇಕು, ಮಾಡುವಾಗ ಆವಿ ಸೇರಿಸಬಾರದು, ಕುಡಿದ ಗಾಳಿಯನ್ನು ಹೊರಗೆ ಕಳಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಈ ಮೂರೂ ಒಟ್ಟಿಗೆ ಆಗದೆ ಏನೂ ಒಣಗುವುದಿಲ್ಲ. ಅಡಿಕೆ ಒಣಗಿಸುವ ಡ್ರೈಯರ್ ಮಾಡುವುದೂ ಇದನ್ನೇ.

ಮೇಷ್ಟ್ರ ರಿಜಿಸ್ಟರ್

ಮಗ ಬೆಂಗಳೂರಿನಿಂದ ತೇವ ಹೀರುವ ಮೆಷಿನ್ ಒಂದನ್ನು ತಂದುಕೊಟ್ಟ. ಒಳಗೆ ಫ್ರಿಜ್ಜಿನ ಹಾಗೆ ತಣ್ಣನೆ ಕೊಳವೆ. ಗಾಳಿ ಅದಕ್ಕೆ ತಾಗಿದಾಗ ನೀರು ಹನಿದು ಡಬ್ಬಿಗೆ ಬೀಳುತ್ತೆ. ಮೊದಲ ದಿನ ಹದಿನೈದು ಗಂಟೆ ಓಡಿಸಿ ಎಂಟೂವರೆ ಲೀಟರ್ ಬಂತು, ಎಲ್ಲರಿಗೂ ಖುಷಿ. ಎರಡನೇ ದಿನವೂ ಅಷ್ಟೇ, ಮೂರನೇ ದಿನವೂ ಅಷ್ಟೇ, ಗೋಡೆ ಮಾತ್ರ ಹಾಗೇ ಇದೆ. ನಾಲ್ಕನೇ ದಿನ ಹೋಗಿ ನೋಡಿದರೆ, ವಾಸನೆ ತಡೆಯೋಕಾಗದೆ ಅಮ್ಮ ಹಿಂದಿನ ಕಿಟಕಿ ತೆಗೆದಿಟ್ಟಿದ್ದಾರೆ. ಮೆಷಿನ್ ಗೋಡೆಯನ್ನಲ್ಲ, ಶಿವಮೊಗ್ಗದ ಆಕಾಶವನ್ನೇ ಒಣಗಿಸುತ್ತಿತ್ತು. ಕಿಟಕಿ ಹಾಕಿ, ಸಂದಿಗೆ ಟೇಪ್ ಹಚ್ಚಿ, ಒಂದು ಫ್ಯಾನ್ ಗೋಡೆಗೆ ಅಡ್ಡಲಾಗಿ ತಿರುಗಿಸಿಟ್ಟು ಮತ್ತೆ ಶುರು ಮಾಡಿದೆವು.

ಮೇಷ್ಟ್ರು ಹಳೇ ಹಾಜರಿ ಪುಸ್ತಕವೊಂದನ್ನು ತೆಗೆದು, ಹುಡುಗರ ಹೆಸರಿನ ಜಾಗದಲ್ಲಿ ಗೋಡೆಗಳ ಹೆಸರು ಬರೆದರು. ಮೂಡಣ ರೂಮಿನ ಲೆಕ್ಕ ಹೀಗಿದೆ: ಕಿಟಕಿ ಹಾಕಿದ ಮೊದಲ ದಿನ 6.5 ಲೀಟರ್, ಐದನೇ ದಿನ 4, ಹತ್ತನೇ ದಿನ 2.5, ಹದಿನಾಲ್ಕನೇ ದಿನ 1.5. ಆಮೇಲೆ ಅಲ್ಲಿಗೇ ನಿಂತುಬಿಟ್ಟಿತು. ಒಂದು ಫ್ಯಾನ್ ಜಾಸ್ತಿ ಇಟ್ಟೆವು, ಎರಡು ಇಟ್ಟೆವು. ಕದಲಲಿಲ್ಲ. ಗೋಡೆ ಒಣಗಿತು ಅಂತ ನಾನು, ಇಲ್ಲ ಅಂತ ಅವರು.

ಅವರು ಹೇಳಿದ್ದು ಸರಿಯಿತ್ತು. ಗೋಡೆ ಒಣಗುವುದು ಎರಡು ಹಂತದಲ್ಲಿ. ಮೊದಲು ಮೈಮೇಲಿನ ನೀರು ಹೋಗುತ್ತೆ; ಆಗ ಗಾಳಿ ಎಷ್ಟು ಜೋರಾಗಿ ಬೀಸಿದರೆ ಅಷ್ಟು ಬೇಗ. ಮೈ ಒಣಗಿದ ಮೇಲೆ ನಾಲ್ಕೈದು ಇಂಚು ಒಳಗಿರುವ ನೀರು ಇಟ್ಟಿಗೆಯ ಸೂಜಿಮೊನೆಯಂಥ ತೂತುಗಳಲ್ಲಿ ತೆವಳಿಕೊಂಡು ಹೊರಗೆ ಬರಬೇಕು. ಅದಕ್ಕೆ ಅದರದೇ ನಡಿಗೆ. ಹೊರಗೆ ಹತ್ತು ಫ್ಯಾನ್ ಇಟ್ಟರೂ ಒಳಗಿನದು ಓಡಿ ಬರುವುದಿಲ್ಲ. ಇಂಚಿಗೆ ಒಂದು ತಿಂಗಳು ಅನ್ನುವ ಹಳೇ ಲೆಕ್ಕ ಇರುವುದು ಈ ಎರಡನೇ ಹಂತಕ್ಕೆ, ಅದೂ ಒಣ ಹವೆಯಲ್ಲಿ.

ಆವತ್ತು ರಾತ್ರಿ ಕೂತು ನಾನೂ ಒಂದು ಲೆಕ್ಕ ಹಾಕಿದೆ. ಮುಂಭಾಗದಲ್ಲಿ ಒಂಬತ್ತಿಂಚಿನ ಗೋಡೆ ಹೆಚ್ಚುಕಡಿಮೆ 40 ಮೀಟರ್ ಉದ್ದ. ನೀರು ನಿಂತದ್ದು ಮೂರಡಿ, ಗೋಡೆ ತಾನಾಗಿ ಮೇಲಕ್ಕೆ ಹೀರಿದ್ದು ಇನ್ನೊಂದಡಿ. ಅಷ್ಟು ಇಟ್ಟಿಗೆ ಗಾರೆಯ ತೂಕ ಸುಮಾರು 20 ಟನ್. ಅದರಲ್ಲಿ ನೂರಕ್ಕೆ ಹತ್ತರಷ್ಟು ನೀರು ಅಂದುಕೊಂಡರೂ 2,000 ಲೀಟರ್. ನಾವು ಎರಡು ವಾರ ಬಕೆಟ್ ಹೊತ್ತು ಚೆಲ್ಲಿದ್ದು ಐವತ್ತು ಚಿಲ್ಲರೆ ಲೀಟರ್. ಮಾಡಿನ ಮೇಲಿಡುವ ಸಾವಿರ ಲೀಟರಿನ ಟ್ಯಾಂಕ್ ಎರಡನ್ನು ಗೋಡೆಯೊಳಗೆ ಬಚ್ಚಿಟ್ಟುಕೊಂಡ ಮನೆಯಲ್ಲಿ ಕೂತು, ಒಣಗಿತು ಅಂತ ವಾದ ಮಾಡುತ್ತಿದ್ದೆ. ಒಂದು ಲೀಟರ್ ನೀರನ್ನು ಆವಿ ಮಾಡೋಕೆ ಮುಕ್ಕಾಲು ಯುನಿಟ್‌ಗೆ ತುಸು ಕಡಿಮೆ ಶಕ್ತಿ ಬೇಕು. ಕರೆಂಟಿನಲ್ಲೇ ಮಾಡುತ್ತೇನೆ ಅಂದರೆ ಕಡಿಮೆಯೆಂದರೂ 1,300 ಯುನಿಟ್. ಬಿಸಿಲಿಗೆ ಕಾಯಬೇಕು, ಬೇರೆ ದಾರಿಯಿಲ್ಲ.

ದೀಪಾವಳಿಗೆ ಬಣ್ಣ

ಇಷ್ಟೆಲ್ಲ ಲೆಕ್ಕ ಹಾಕಿದವನೇ ಅಕ್ಟೋಬರಿನಲ್ಲಿ ಎಡವಿದೆ. ದೀಪಾವಳಿಗೆ ಮಗ, ಸೊಸೆ, ಬೀಗರು ಬರುವವರಿದ್ದರು. "ಸಾರ್, ಹಾಲ್ ಒಂದಾದ್ರೂ ಮಾಡಿಕೊಡಿ, ಗೋಡೆ ನೋಡಿದ್ರೆ ಅಮ್ಮನಿಗೆ ಅಳು ಬರುತ್ತೆ" ಅಂತ ಮಗ ಫೋನಿನಲ್ಲಿ ಹೇಳಿದ. ಮೇಷ್ಟ್ರು ಬೇಡ ಅಂದರು. ಅಮ್ಮ ಏನೂ ಅನ್ನಲಿಲ್ಲ, ನನ್ನ ಮುಖ ನೋಡಿದರು. ನಾನು ಒಪ್ಪಿಕೊಂಡೆ. ಆ ವರ್ಷ ಅಕ್ಟೋಬರಿನಲ್ಲೂ ಮಳೆ ಬಿಟ್ಟಿರಲಿಲ್ಲ. ಟೈಲ್ಸ್ ಮೇಲಿನ ಗೋಡೆಗೆ ಪುಟ್ಟಿ, ಪ್ರೈಮರ್, ಎರಡು ಕೋಟ್ ಎಮಲ್ಷನ್. ನರಕ ಚತುರ್ದಶಿಯ ಹಿಂದಿನ ದಿನ ಮುಗಿಯಿತು. ಹಬ್ಬದ ದಿನ ಹಾಲ್ ಫಳಫಳ ಅನ್ನುತ್ತಿತ್ತು.

ಡಿಸೆಂಬರ್ ಮೊದಲ ವಾರ ಅಮ್ಮ ಫೋನ್ ಮಾಡಿದರು: "ಗೋಡೆಗೆ ಅಮ್ಮ ಆಗಿದೆ ಕಣಪ್ಪ." ಹೋಗಿ ನೋಡಿದೆ. ಟೈಲ್ಸಿನ ಮೇಲಂಚಿನಿಂದ ಒಂದು ಗೇಣು ಎತ್ತರದವರೆಗೆ ಬಣ್ಣ ಗುಳ್ಳೆಗುಳ್ಳೆಯಾಗಿತ್ತು, ಕಡಲೆಕಾಳಿನಿಂದ ಹಿಡಿದು ನಿಂಬೆಹಣ್ಣಿನ ಗಾತ್ರದವರೆಗೆ. ಮೇಷ್ಟ್ರು ಏನೂ ಮಾತಾಡದೆ ಜೇಬಿಂದ ಗುಂಡುಸೂಜಿ ತೆಗೆದು ದೊಡ್ಡದೊಂದಕ್ಕೆ ಚುಚ್ಚಿದರು. ಸಣ್ಣ ಹನಿಯೊಂದು ಹೊರಗೆ ಬಂದು, ಹೊಸ ಬಣ್ಣದ ಮೇಲೆ ಜಾರಿ, ಟೈಲ್ಸಿನ ಅಂಚಿಗೆ ಬಂದು ನಿಂತಿತು. ನಾಲಿಗೆಗೆ ಮುಟ್ಟಿಸಿ ನೋಡಿ "ಉಪ್ಪು" ಎಂದರು.

ಗಾರೆ ಮೇಸ್ತ್ರಿಯನ್ನು ಕರೆಸಿದೆ. ಅವನು ಕರಣೆಯ ಹಿಡಿಯಿಂದ ಟೈಲ್ಸನ್ನು ಒಂದೊಂದಾಗಿ ತಟ್ಟುತ್ತಾ ಹೋದ. ಕೆಲವು ಗಟ್ಟಿ, ಕೆಲವು ಬೊಳ್. ಬೊಳ್ ಅಂದದ್ದೊಂದರ ಸಂದಿಗೆ ಉಳಿ ಇಟ್ಟು ಎಬ್ಬಿಸಿದರೆ ಬಿಸ್ಕತ್ತಿನ ಹಾಗೆ ಇಡಿಯಾಗಿ ಬಂತು. ಹಿಂದಿನ ಗಾರೆ ಇವತ್ತು ಬೆಳಗ್ಗೆ ಕಲಸಿದ ಹಾಗೆ ಕಪ್ಪಗೆ, ಹಸಿಯಾಗಿ ಇದೆ. ಹೊಳೆಯ ವಾಸನೆ ರೂಮೆಲ್ಲ ಹರಡಿತು. ನೀರಿಳಿದು ನಾಲ್ಕು ತಿಂಗಳು ಕಳೆದಿತ್ತು. "ಅಮ್ಮೋರೆ, ಇದು ಗೋಡೆಗೆ ರೇನ್‌ಕೋಟ್ ಹಾಕಿ ಸ್ನಾನ ಮಾಡಿಸಿದ ಹಾಗೆ" ಎಂದ ಮೇಸ್ತ್ರಿ. ಒಳಗೆ ಟೈಲ್ಸು, ಹೊರಗೆ ನೀರಿಳಿಯದ ಪೇಂಟು. ನಡುವೆ ಸಿಕ್ಕಿಬಿದ್ದ ನೀರಿಗೆ ಉಳಿದಿದ್ದ ದಾರಿ ಟೈಲ್ಸಿನ ಮೇಲಿನ ಗೋಡೆ ಒಂದೇ. ಅದನ್ನು ನಾನು ದೀಪಾವಳಿಗೆ ಮುಚ್ಚಿದ್ದೆ.

ಅವತ್ತೇ ತೀರ್ಮಾನ ಮಾಡಿದೆವು. ಹಾಲ್‌ನ ಟೈಲ್ಸ್ ಪೂರ್ತಿ ತೆಗೆಯುವುದು, ನೀರಿನ ಗುರುತಿನ ಮೇಲೆ ಇನ್ನೂ ಒಂದೂವರೆ ಅಡಿಯವರೆಗೆ ಸಿಮೆಂಟ್ ಪ್ಲಾಸ್ಟರ್ ಕೆತ್ತಿ ಇಟ್ಟಿಗೆ ಬಿಡಿಸುವುದು, ಹೊರಗಿನ ಪೇಂಟನ್ನು ಕೆಳಗಿನ ನಾಲ್ಕಡಿ ಉಜ್ಜಿ ತೆಗೆಯುವುದು. ಆಗಸ್ಟ್‌ನಲ್ಲೇ ಮಾಡಬೇಕಿದ್ದ ಕೆಲಸ. ಆಗ ಚೆನ್ನಾಗಿದ್ದ ಟೈಲ್ಸ್ ಒಡೆಯೋಕೆ ಯಾರಿಗೂ ಮನಸ್ಸು ಬಂದಿರಲಿಲ್ಲ, ನಾನೂ ಒತ್ತಾಯ ಮಾಡಿರಲಿಲ್ಲ. ನನ್ನ ದೀಪಾವಳಿಯ ಬಿಲ್ಲನ್ನು ವಾಪಸ್ ಕೊಟ್ಟೆ. ಮೇಷ್ಟ್ರು ತಗೊಳ್ಳಲಿಲ್ಲ, ಅಮ್ಮ ತಗೊಂಡರು.

ಹಿಂಭಾಗ ಹೇಗಿತ್ತು?

ಹಳೇ ಅಡುಗೆಮನೆ, ಉಗ್ರಾಣಗಳಲ್ಲೂ ನಿಂತಿದ್ದು ಅದೇ ಮೂರಡಿ ನೀರು. ಅಲ್ಲಿ ನಾವು ಗೋಡು ತೆಗೆದು ತೊಳೆದಿದ್ದು ಬಿಟ್ಟರೆ ಏನೂ ಮಾಡಿರಲಿಲ್ಲ. ಸೆಪ್ಟೆಂಬರಿನಲ್ಲಿ ಮುಂಭಾಗಕ್ಕಿಂತ ಅದೇ ಅಸಹ್ಯವಾಗಿ ಕಾಣುತ್ತಿತ್ತು: ಅಲ್ಲಲ್ಲಿ ಗಾರೆ ಉದುರಿ, ಕೆಂಪು ಕಲೆ, ಹಸಿರು ಪಾಚಿ. ಜನವರಿಯ ಹೊತ್ತಿಗೆ ಗೋಡೆ ಬೆಚ್ಚಗೆ, ಒಣಗಿ, ಕೈಗೆ ಪುಡಿ ಹತ್ತುವ ಹಾಗಾಗಿತ್ತು. ಸುಣ್ಣದ ಗಾರೆ ಎರಡೂ ಮೈಯಿಂದ ಉಸಿರಾಡುತ್ತೆ. ಪ್ರತಿ ವರ್ಷ ಬಳಿಯುತ್ತಿದ್ದದ್ದೂ ಸುಣ್ಣವೇ, ಆವಿಯನ್ನು ತಡೆಯುವ ಪ್ಲಾಸ್ಟಿಕ್ ಪದರ ಎಲ್ಲೂ ಇಲ್ಲ. ಉದುರಿದ ಗಾರೆಯನ್ನು ನಷ್ಟ ಅಂತ ಬರೆದುಕೊಂಡಿದ್ದೆ. ಗೋಡೆಯೊಳಗಿನ ಉಪ್ಪನ್ನು ಅದೇ ಹೊತ್ತು ತಂದು ನೆಲಕ್ಕೆ ಹಾಕಿತ್ತು. ಅಲ್ಲಿ ಒಟ್ಟು ಖರ್ಚಾದದ್ದು ಮುಂಭಾಗದ ಟೈಲ್ಸ್ ಒಡೆಸಿದ ಕೂಲಿಗಿಂತ ಕಡಿಮೆ. ಹಾಗಂತ ಹಳೇದೆಲ್ಲ ಬಂಗಾರ ಅಂತ ನಾನು ಹೇಳುವುದಿಲ್ಲ. ಕೊಟ್ಟಿಗೆಯ ಮಣ್ಣಿನ ಗೋಡೆಯೂ ಹಳೇದೇ, ಅದು ಬಿದ್ದೇ ಹೋಯಿತು.

ಮರದ ವಿಷಯದಲ್ಲಿ ಆಚಾರ್ರು ನಮ್ಮನ್ನು ಉಳಿಸಿದರು. ಮುಂಬಾಗಿಲು ಹಲಸಿನದು, ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಕೀಸುಳಿ ಹಾಕಿ ಅಂದೆ. "ಈಗ ಕೀಸಿದ್ರೆ ಬೇಸಿಗೇಲಿ ಬೆಕ್ಕು ಓಡಾಡುತ್ತೆ ಸಂದೀಲಿ" ಅಂತ ಉಪಕರಣದ ಚೀಲವನ್ನೇ ಬಿಚ್ಚಲಿಲ್ಲ. ಬಾಗಿಲು ಕಳಚಿ, ನೆರಳಲ್ಲಿ ಅಡ್ಡಪಟ್ಟಿ ಕೊಟ್ಟು ಮಲಗಿಸಿದರು. ಮಾರ್ಚಿನಲ್ಲಿ ಹಾಕುವಾಗ ಒಂದು ಮೂಲೆಯಲ್ಲಿ ಸ್ವಲ್ಪ ಕೀಸಿದ್ದು ಬಿಟ್ಟರೆ ಹಾಗೇ ಕೂತಿತು. ಪಕ್ಕದ ಮನೆಯವರು ಸೆಪ್ಟೆಂಬರಿನಲ್ಲೇ ಕೀಸಿಸಿದ್ದರು. ಅವರ ಬಾಗಿಲ ಸಂದಿಯಲ್ಲಿ ಬೆಕ್ಕು ಹೋಗದಿದ್ದರೂ ಬೆರಳು ಹೋಗುತ್ತೆ.

ಬೀರುವಿನ ಕೆಳಗಿನ ಅರೆಯಲ್ಲಿದ್ದ ಮನೆಯ ಕ್ರಯಪತ್ರ, ಪಿಂಚಣಿ ಕಾಗದ ಒದ್ದೆ ಮುದ್ದೆಯಾಗಿದ್ದವು. ಬಿಡಿಸೋಕೆ ಹೋದರೆ ಹರಿಯುತ್ತಿತ್ತು. ಪ್ಲಾಸ್ಟಿಕ್ ಕವರಿಗೆ ಹಾಕಿ ಪರಿಚಯದ ಐಸ್‌ಕ್ರೀಮ್ ಅಂಗಡಿಯ ಫ್ರೀಜರಿನಲ್ಲಿಟ್ಟೆವು. ಗಟ್ಟಿಯಾಗಿ ಹೆಪ್ಪುಗಟ್ಟಿದ ಕಾಗದಕ್ಕೆ ಬೂಷ್ಟು ಹಿಡಿಯುವುದಿಲ್ಲ, ಶಾಯಿಯೂ ಅಲ್ಲಿಗೇ ನಿಲ್ಲುತ್ತೆ. ಡಿಸೆಂಬರಿನಲ್ಲಿ ಹೊರಗೆ ತೆಗೆದು, ಒಂದೊಂದೇ ಹಾಳೆ ಬಿಡಿಸಿ, ಬಿಳಿ ಕಾಗದದ ನಡುವೆ ಇಟ್ಟು ಒಣಗಿಸಿದರು ಅಮ್ಮ. ಹಪ್ಪಳ ಎತ್ತಿ ಹಾಕುವ ಕೈ ಅದು, ಒಂದು ಹಾಳೆಯೂ ಹರಿಯಲಿಲ್ಲ.

ಯುಗಾದಿಯ ನಂತರ

ಡಿಸೆಂಬರ್‌ನಿಂದ ಕಿಟಕಿಯ ನಿಯಮ ತಿರುಗಿತು. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಹತ್ತಕ್ಕೆ ತೆಗೆಯುವುದು, ಸಂಜೆ ಐದಕ್ಕೆ ಹಾಕುವುದು. ಇಟ್ಟಿಗೆ ಬಿಡಿಸಿದ ಗೋಡೆ ಬಿಳಿ ಉಪ್ಪು ಕಾರತೊಡಗಿತು. ಅದನ್ನು ನೀರಿನಲ್ಲಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತೆ. ಒಣ ಬ್ರಷ್‌ನಿಂದ ಉಜ್ಜಿ, ಕೆಳಗೆ ಪೇಪರ್ ಹಿಡಿದು, ಹೊರಗೆ ಚೆಲ್ಲಬೇಕು. ಫೆಬ್ರುವರಿ ಕೊನೆಗೆ ಮೇಸ್ತ್ರಿ ಕೆಳಗಿನ ಭಾಗಕ್ಕೆ ಸುಣ್ಣದ ಗಾರೆ ಹಾಕಿದ. ಸಿಮೆಂಟ್ ಬೇಡ ಅಂದಾಗ ಮಗ ಹುಬ್ಬೇರಿಸಿದ, ಆದರೆ ಈ ಸಲ ಜಗಳ ಮಾಡಲಿಲ್ಲ. ಯುಗಾದಿ ಮುಗಿದ ಮರುದಿನ ಬಣ್ಣದವರು ಬರುವುದು ಅಂತಾಯಿತು.

2020ರ ಯುಗಾದಿ ಮಾರ್ಚ್ 25. ಅವತ್ತೇ ಲಾಕ್‌ಡೌನ್ ಶುರುವಾಯಿತು. ಬಣ್ಣದವರಿಲ್ಲ, ಮಗನಿಲ್ಲ, ನಾನೂ ಹೋಗುವ ಹಾಗಿಲ್ಲ. ಖಾಲಿ ಗೋಡೆಗಳ ನಡುವೆ ಮೇಷ್ಟ್ರು, ಅಮ್ಮ ಇಬ್ಬರೇ. ನಾವು ಯಾರೂ ಧೈರ್ಯ ಮಾಡಿ ಕೇಳದಿದ್ದ ಎರಡು ತಿಂಗಳು, ಅದೂ ವರ್ಷದಲ್ಲೇ ಸುಡುವ ಎರಡು ತಿಂಗಳು, ಆ ಗೋಡೆಗಳಿಗೆ ಸಿಕ್ಕವು.

ಪ್ರತಿ ಭಾನುವಾರ ಮೇಷ್ಟ್ರ ಫೋನ್. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ ನಾಲ್ಕೂ ಅಂಚಿಗೆ ಟೇಪ್ ಹಚ್ಚುತ್ತಿದ್ದರು. ಮರುದಿನ ನೋಡಬೇಕು. ಹಾಳೆಯ ಹೊರಮೈಯಲ್ಲಿ ಮಂಜು ಕಟ್ಟಿದ್ದರೆ ಅದು ರೂಮಿನ ಗಾಳಿಯದು. ಒಳಮೈಯಲ್ಲಿ ಹನಿಯಿದ್ದರೆ ಗೋಡೆಯದು. ಮಾರ್ಚ್ 29: ಐದೂ ಹಾಳೆಯ ಒಳಗೆ ಹನಿ. ಏಪ್ರಿಲ್ 26: ಮೂರರಲ್ಲಿ ಏನಿಲ್ಲ, ಎರಡರಲ್ಲಿ ಮಬ್ಬು. ಮೇ 17: ನಾಲ್ಕು ಒಣ, ಬಚ್ಚಲ ಕಡೆಯ ಮೂಲೆಯದು ಮಾತ್ರ ಇನ್ನೂ ಮಬ್ಬು. "ಆ ಹುಡುಗ ಫೇಲು, ಉಳಿದವರನ್ನು ಪಾಸು ಮಾಡ್ತೀನಿ" ಎಂದರು.

ಮೇ ಕೊನೆಯ ವಾರ, ಮುಂಗಾರಿಗೆ ಮುಂಚೆ ಬಣ್ಣ ಮುಗಿಯಿತು. ಕೆಳಗಿನ ನಾಲ್ಕೂವರೆ ಅಡಿಗೆ ತಿಳಿಹಳದಿ ಸೇರಿಸಿದ ಸುಣ್ಣ, ಮೇಲಕ್ಕೆ ಮಾತ್ರ ಎಮಲ್ಷನ್. ಬೀರು, ಸೋಫಾ ಎಲ್ಲ ಗೋಡೆಯಿಂದ ಒಂದು ಗೇಣು ಈಚೆಗೆ. ಪ್ಲಗ್ ಪಾಯಿಂಟುಗಳು ಈಗ ನಾಲ್ಕಡಿ ಎತ್ತರದಲ್ಲಿವೆ, ಬಚ್ಚಲ ಮೋರಿಗೆ ನೀರು ವಾಪಸ್ ಬರದ ವಾಲ್ವ್ ಇದೆ. "ಒಂಬತ್ತು ತಿಂಗಳು ಹೊತ್ತು ಹೆತ್ತ ಹಾಗಾಯ್ತು" ಎಂದು ಅಮ್ಮ ಹಾಲ್‌ನಲ್ಲಿ ರಂಗೋಲಿ ಹಾಕಿದರು.

ಬಚ್ಚಲ ಕಡೆಯ ಮೂಲೆ ಮಾತ್ರ ಇನ್ನೂ ಪಾಸಾಗಿಲ್ಲ. ಅದಕ್ಕೆ ಬಣ್ಣ ಬಳಿದಿಲ್ಲ. ಪ್ರತಿ ಡಿಸೆಂಬರಿನಲ್ಲಿ ಅಲ್ಲಿ ಬಿಳಿ ಉಪ್ಪು ಬರುತ್ತೆ. ಮೇಷ್ಟ್ರು ಬ್ರಷ್‌ನಿಂದ ಪೇಪರಿಗೆ ಉದುರಿಸಿ, ಪರಿಚಯದ ಚಿನ್ನದಂಗಡಿಗೆ ಒಯ್ದು ತೂಗಿಸಿ, ಹಾಜರಿ ಪುಸ್ತಕದಲ್ಲಿ ಬರೆಯುತ್ತಾರೆ. ಮೊದಲ ವರ್ಷ 31 ಗ್ರಾಂ ಇತ್ತು, ಹೋದ ಸಲ 4.